ಬಾಗಿಲೊಳಗಿನ ರಿಂಗು, ಅಜ್ಜನ ಕಿವಿ

ಕಾರಿನ ಬಾಗಿಲೊಳಗೆ ಮಳೆ ಬರುತ್ತದೆ. ಹಳೆಯ ಕಾರಿಗಷ್ಟೇ ಅಲ್ಲ, ಶೋರೂಮಿನಿಂದ ನಿನ್ನೆ ಮನೆಗೆ ಬಂದು ಆರತಿ ಎತ್ತಿಸಿಕೊಂಡ ಕಾರಿಗೂ ಇದೇ ಕತೆ. ಕಿಟಕಿಯ ಗಾಜು ಮೇಲೆ ಕೆಳಗೆ ಜಾರಬೇಕೆಂದರೆ ಬಾಗಿಲ ಅಂಚಿನಲ್ಲಿ ಒಂದು ಸೀಳು ಇರಲೇಬೇಕಲ್ಲ? ಅಲ್ಲಿರುವ ರಬ್ಬರ್ ಪಟ್ಟಿ ಬಹುಪಾಲು ನೀರನ್ನು ಹೊರಗೇ ಒರೆಸಿಬಿಡುತ್ತದೆ. ಉಳಿದದ್ದು ಗಾಜಿನ ಮೈ ಹಿಡಿದು ಬಾಗಿಲ ಹೊಟ್ಟೆಗೆ ಇಳಿಯುತ್ತದೆ. ಕಾರು ಮಾಡುವವರಿಗೆ ಇದು ಗೊತ್ತು. ಅದಕ್ಕೇ ಬಾಗಿಲ ತಳದಲ್ಲಿ ಪುಟ್ಟ ಪುಟ್ಟ ತೂತುಗಳನ್ನಿಟ್ಟಿರುತ್ತಾರೆ. ಒಳಗೆ ಕೂತವರಿಗೆ ತಾಗದಿರಲಿ ಎಂದು ತಗಡಿಗೂ ಒಳಗಿನ ಟ್ರಿಮ್ಮಿಗೂ ನಡುವೆ ಪ್ಲಾಸ್ಟಿಕ್ ಹಾಳೆಯೊಂದನ್ನು ಅಂಟಿಸಿರುತ್ತಾರೆ.

ಇಂಥ ಒದ್ದೆ ಹೊಟ್ಟೆಯಲ್ಲೇ ನಾವು ಸ್ಪೀಕರ್ ಕೂರಿಸುತ್ತೇವೆ. ಅದೂ ನೇರವಾಗಿ ತಗಡಿಗಲ್ಲ. ಸ್ಪೀಕರಿನ ಹಿಂಭಾಗದ ಮ್ಯಾಗ್ನೆಟ್ ಕೆಳಗಿಳಿಯುವ ಗಾಜಿಗೆ ತಾಗಬಾರದು, ಬಾಗಿಲ ತೂತಿನ ಅಳತೆಗೂ ಸ್ಪೀಕರಿನ ಅಳತೆಗೂ ಹೊಂದಿಕೆಯಾಗಬೇಕು. ಅದಕ್ಕಾಗಿ ನಡುವೆ ಒಂದು ಬಳೆಯಾಕಾರದ ತುಂಡು ಬರುತ್ತದೆ. ಅಂಗಡಿಯವರು ಇದಕ್ಕೆ ‘ರಿಂಗ್’ ಎನ್ನುತ್ತಾರೆ, ಪೆಟ್ಟಿಗೆಯ ಮೇಲೆ ‘ಅಡಾಪ್ಟರ್’ ಎಂದು ಬರೆದಿರುತ್ತದೆ. ಸ್ಪೀಕರಿನ ಬ್ರ್ಯಾಂಡ್ ಯಾವುದು, ಎಷ್ಟು ವಾಟ್ ಎಂದು ಗಂಟೆಗಟ್ಟಲೆ ಚರ್ಚಿಸುವ ನಮ್ಮ ಹಾಸ್ಟೆಲ್ ಹುಡುಗರಲ್ಲಿ ಒಬ್ಬನಾದರೂ ಈ ರಿಂಗಿನ ಬಗ್ಗೆ ಮಾತಾಡಿದ್ದನ್ನು ನಾನು ಕೇಳಿಲ್ಲ. ಡಿಕ್ಕಿಗೆ ಹತ್ತು ಸಾವಿರದ ಸಬ್‌ವೂಫರ್ ಹಾಕಿಸಿದವರ ಬಾಗಿಲಲ್ಲೂ ಅದು ಕೊಳೆಯುತ್ತಾ ಕೂತಿರಬಹುದು.

ನಮ್ಮ ಮನೆಯದು 2006ರ ಮಾಡೆಲ್ಲಿನ ಪುಟ್ಟ ಕಾರು. ಆಗಿನ ಕಾಲದಲ್ಲಿ ಕಡಿಮೆ ಬೆಲೆಯ ಮಾಡೆಲ್‌ಗಳಿಗೆ ಕಂಪನಿಯಿಂದ ಮ್ಯೂಸಿಕ್ ಸಿಸ್ಟಮ್ ಬರುತ್ತಿರಲಿಲ್ಲ. ಕಾರು ಕೊಂಡವರು ಮೊದಲು ದೇವಸ್ಥಾನಕ್ಕೆ, ಅಲ್ಲಿಂದ ನೇರ ಆಕ್ಸೆಸರೀಸ್ ಅಂಗಡಿಗೆ ಹೋಗುತ್ತಿದ್ದರು. ಬೆಂಗಳೂರಿನವರಾದರೆ ಜೆ.ಸಿ. ರಸ್ತೆ, ಊರ ಕಡೆಯವರಾದರೆ ಬಸ್‌ಸ್ಟ್ಯಾಂಡ್ ಹತ್ತಿರದ ಯಾವುದೋ ಒಂದು ಮಳಿಗೆ. ಅಲ್ಲಿ ಒಬ್ಬ ಹುಡುಗ ಎಂಡಿಎಫ್ ಹಲಗೆಯಲ್ಲಿ ವೃತ್ತ ಕತ್ತರಿಸಿ, ನಾಲ್ಕು ಸ್ಕ್ರೂ ಹೊಡೆದು ಅರ್ಧ ದಿನದಲ್ಲಿ ಹಾಡು ಹಾಕಿಕೊಟ್ಟುಬಿಡುತ್ತಿದ್ದ. ಎಂಡಿಎಫ್ ಅಗ್ಗ. ಅದಕ್ಕೆ ಮರದ ಎಳೆಯ ದಿಕ್ಕೆಂಬುದಿಲ್ಲ, ಯಾವ ಕಡೆಗೆ ಕತ್ತರಿಸಿದರೂ ಬೆಣ್ಣೆಯಂತೆ ಬರುತ್ತದೆ. ಮನೆಯೊಳಗಿನ ಸ್ಪೀಕರ್ ಪೆಟ್ಟಿಗೆಗೆ ಅದು ಒಳ್ಳೆಯದೇ. ಆದರೆ ಅದು ಮರವಲ್ಲ, ಮರದ ನುಣ್ಣನೆಯ ನಾರಿಗೆ ರಾಳ ಬೆರೆಸಿ ಒತ್ತಿ ಮಾಡಿದ ಹಲಗೆ. ನೀರು ಬಿದ್ದರೆ ನಾರು ಕುಡಿದು ಉಬ್ಬುತ್ತದೆ. ಒಣಗಿದ ಮೇಲೂ ಮೊದಲಿನ ದಪ್ಪಕ್ಕೆ ಮರಳುವುದಿಲ್ಲ, ಸ್ಕ್ರೂ ಹಿಡಿದಿದ್ದ ಜಾಗ ಹಿಟ್ಟಾಗುತ್ತದೆ. ಅದನ್ನು ಸಾಗರದ ಕಡೆಯ ಜೂನ್, ಜುಲೈ ಮಳೆಗೆ ಒಡ್ಡಿದರೆ ಏನಾದೀತು ಎಂದು ಬೇರೆ ಹೇಳಬೇಕಿಲ್ಲ.

ಕಾರು ಓಡಿಸುವುದು ಅಪ್ಪ, ಆದರೆ ಅದರ ಮ್ಯೂಸಿಕ್ ಸಿಸ್ಟಮ್ಮಿನ ಯಜಮಾನ ಅಜ್ಜ. ಎಪ್ಪತ್ತೆಂಟು ವರ್ಷ. ಡ್ಯಾಶ್‌ಬೋರ್ಡಿನ ಪೆನ್‌ಡ್ರೈವ್ ತುಂಬ ಶೇಣಿಯವರ ಅರ್ಥ, ಕಾಳಿಂಗ ನಾವಡರ ಪದ್ಯ. ಕ್ಯಾಸೆಟ್ ಕಾಲದ್ದನ್ನೆಲ್ಲ ಯಾರಿಂದಲೋ ಹಾಕಿಸಿಕೊಂಡು ಬಂದದ್ದು. ಸೊಸೈಟಿಗೆ ಅಡಿಕೆ ಕೊಂಡೊಯ್ಯುವಾಗ, ನೆಂಟರ ಮನೆಗೆ ಹೋಗುವಾಗ ಮುಂದಿನ ಸೀಟಿನಲ್ಲಿ ಕೂತು ತೊಡೆಯ ಮೇಲೆ ತಾಳ ಹಾಕುತ್ತಿದ್ದವರು ಎರಡು ಮಳೆಗಾಲದಿಂದೀಚೆಗೆ ಅದನ್ನು ಬಿಟ್ಟೇಬಿಟ್ಟರು. ಹಾಕಿದರೂ ಎರಡೇ ನಿಮಿಷ, ಆಮೇಲೆ ತಾವೇ ಬಂದ್ ಮಾಡುತ್ತಿದ್ದರು. ಕೇಳಿದರೆ, ‘ಕೂಸೇ, ನನ್ ಕಿವಿ ಕತೆ ಮುಗ್ದೋತು. ಮದ್ದಲೆನೇ ಕೇಳ್ತಿಲ್ಲೆ’ ಎಂಬ ಉತ್ತರ.

ಇದು ಕಾರಿಗಷ್ಟೇ ನಿಂತಿದ್ದರೆ ಚಿಂತೆಯಿರಲಿಲ್ಲ. ಊರಲ್ಲಿ ತಾಳಮದ್ದಲೆಯಾದರೆ ಮುಂದಿನ ಸಾಲಿನಲ್ಲಿ ಕೂರುತ್ತಿದ್ದವರು ಹೋಗುವುದನ್ನೇ ನಿಲ್ಲಿಸಿದರು. ‘ಕೇಳದಿದ್ದವ ಅಲ್ಲಿ ಕೂತು ಎಂತ ಮಾಡೂದು’ ಅಂತ. ಕಿವಿ ತೋರಿಸಿಕೊಂಡು ಬರೋಣ ಎಂದರೆ, ಹೋದದ್ದು ಹೋಯಿತು, ಡಾಕ್ಟರು ಹೊಸತು ಕೊಡುತ್ತಾರಾ ಎಂಬ ವಾದ. ಅರ್ಥಧಾರಿಗಳನ್ನು ಐವತ್ತು ವರ್ಷ ಕೇಳಿದವರ ಎದುರು ವಾದ ಮಾಡಿ ಗೆಲ್ಲುವುದು ಸುಲಭವಲ್ಲ.

ಆದರೆ ಅವರ ಆ ಒಂದು ಮಾತು ನನ್ನ ತಲೆಯಲ್ಲಿ ಕೊರೆಯತೊಡಗಿತು: ಮದ್ದಲೆ ಕೇಳುವುದಿಲ್ಲ ಎಂದದ್ದು. ವಯಸ್ಸಾದ ಮೇಲೆ ಕಿವಿ ಮಂದವಾಗುವುದು ಹಾಗಲ್ಲ. ಒಳಕಿವಿಯ ಶಂಖದಂಥ ಸುರುಳಿಯಲ್ಲಿ ಸೂಕ್ಷ್ಮ ರೋಮಕೋಶಗಳಿವೆ. ಸುರುಳಿಯ ಬಾಗಿಲ ಬಳಿಯವು ಕೀಚಲು ಸದ್ದನ್ನು, ಒಳತುದಿಯವು ದಪ್ಪ ಸದ್ದನ್ನು ಹಿಡಿಯುತ್ತವೆ. ವಯಸ್ಸಾದಂತೆ ಸಾಮಾನ್ಯವಾಗಿ ಮೊದಲು ಸವೆಯುವುದು ಬಾಗಿಲ ಬಳಿಯವು. ಅಂದರೆ ಮೊದಲು ಹೋಗಬೇಕಾದದ್ದು ತಾಳದ ಕಿಣಿ, ಮಾತಿನಲ್ಲಿ ಬರುವ ‘ಸ’, ‘ಶ’, ‘ತ’ಗಳಂಥ ವ್ಯಂಜನಗಳ ಸ್ಪಷ್ಟತೆ. ಮದ್ದಲೆಯ ಘುಂಕಾರ ಕೊನೆಯವರೆಗೂ ಉಳಿಯಬೇಕು. ಅಜ್ಜನ ದೂರು ಉಲ್ಟಾ ಇತ್ತು.

ದೀಪಾವಳಿ ರಜೆಯಲ್ಲಿ ಊರಿಗೆ ಹೋದಾಗ ಅದೇ ರೆಕಾರ್ಡಿಂಗನ್ನು ನನ್ನ ದೊಡ್ಡ ಹೆಡ್‌ಫೋನಿನಲ್ಲಿ ಹಾಕಿ ಅಜ್ಜನ ತಲೆಗೇರಿಸಿದೆ. ಅರ್ಧ ನಿಮಿಷದೊಳಗೆ ಬೆರಳು ತೊಡೆಯ ಮೇಲೆ ಕುಣಿಯತೊಡಗಿತು. ಮದ್ದಲೆ ಕೇಳುತ್ತಿತ್ತು! ಆಮೇಲೆ ಕಾರಿನಲ್ಲಿ ಕೂತು ಫೋನಿನಿಂದ ಒಂದೊಂದೇ ಸ್ವರವನ್ನು 40 ಹರ್ಟ್ಸ್‌ನಿಂದ ಮೇಲೇರಿಸುತ್ತಾ ಹೋದೆ. 100 ಹರ್ಟ್ಸ್ ಆಸುಪಾಸಿನಲ್ಲಿ ಸದ್ದು ಬರಬೇಕಾದಲ್ಲಿ ಬಾಗಿಲು ಗುಂಯ್ ಎಂದು ಜೇನುಗೂಡಿನಂತೆ ನಡುಗಿತು. ಟ್ರಿಮ್ಮಿಗೆ ಅಂಗೈ ಒತ್ತಿದರೆ ನಡುಕ ನಿಲ್ಲುತ್ತದೆ, ತೆಗೆದರೆ ಶುರು. ಗಂಡಸರ ಮಾತಿನ ಮೂಲ ಸ್ವರ ಇರುವುದೂ ಹೆಚ್ಚುಕಡಿಮೆ ಇದೇ ಜಾಗದಲ್ಲಿ. ಶೇಣಿಯವರ ಕಂಠವೆಲ್ಲ ಆ ಗುಂಯ್‌ಗುಡುವಿಕೆಯಲ್ಲಿ ಮುಳುಗಿಹೋಗುತ್ತಿತ್ತು.

ಬಾಗಿಲು ಬಿಚ್ಚುವುದು ಅಂಥ ಬ್ರಹ್ಮವಿದ್ಯೆಯೇನಲ್ಲ. ಕೈಹಿಡಿಯ ಹಿಂದೆ ಒಂದೆರಡು ಸ್ಕ್ರೂ, ಸುತ್ತ ಪ್ಲಾಸ್ಟಿಕ್ ಕ್ಲಿಪ್ಪುಗಳು. ಗಾಜು ತಿರುಗಿಸುವ ಹ್ಯಾಂಡಲ್ ಇರುವ ಹಳೆಯ ಕಾರಾದರೆ ಮಾತ್ರ ಒಂದು ಒಗಟು: ಅದಕ್ಕೆ ಸ್ಕ್ರೂ ಕಾಣುವುದೇ ಇಲ್ಲ. ಹಿಂದೆ ಕುದುರೆಲಾಳದಂಥ ತಂತಿ ಕ್ಲಿಪ್ ಅಡಗಿರುತ್ತದೆ. ಹ್ಯಾಂಡಲ್ಲಿನ ಹಿಂದೆ ಹಳೆಯ ಬಟ್ಟೆಯ ಪಟ್ಟಿ ತೂರಿಸಿ, ಬೂಟ್ ಪಾಲಿಶ್ ಮಾಡುವವರಂತೆ ಆಚೆ ಈಚೆ ಎಳೆದರೆ ಬಟ್ಟೆಗೆ ಸಿಕ್ಕಿ ಟಣ್ ಎಂದು ಹಾರುತ್ತದೆ. ಎಲ್ಲಿ ಹಾರಿತು ಎಂದು ನೋಡಿಕೊಳ್ಳಲು ಒಬ್ಬರನ್ನು ಪಕ್ಕದಲ್ಲಿಟ್ಟುಕೊಳ್ಳುವುದು ಒಳ್ಳೆಯದು. ನಮ್ಮಲ್ಲಿ ಆ ಕೆಲಸ ಅಜ್ಜನದು.

ಒಳಗೆ ಕಂಡದ್ದನ್ನು ರಿಂಗ್ ಎನ್ನುವುದು ಕಷ್ಟ. ತಳಭಾಗ ನೆನೆದ ರಸ್ಕಿನಂತೆ ಉಬ್ಬಿ ಪದರ ಪದರ ಬಿಟ್ಟಿತ್ತು, ಮೇಲೆ ಕಪ್ಪು ಬೂಷ್ಟು. ನಾಲ್ಕು ಸ್ಕ್ರೂಗಳಲ್ಲಿ ಎರಡು ತುಕ್ಕು ಹಿಡಿದು ಹಿಡಿತ ಬಿಟ್ಟಿದ್ದವು. ಉಳಿದೆರಡರ ಮೇಲೆ ಸ್ಪೀಕರ್ ಓರೆಯಾಗಿ ತೂಗುತ್ತಿತ್ತು. ಮೇಲ್ಗಡೆ ಎರಡು ಬೆರಳು ತೂರುವಷ್ಟು ಸಂದು. ಸ್ಪೀಕರನ್ನು ಬಿಚ್ಚಿ ಕೋನನ್ನು ಮೆಲ್ಲಗೆ ಒತ್ತಿ ನೋಡಿದರೆ ಕರಕರ ಸದ್ದಿಲ್ಲ, ಅಂಚಿನ ರಬ್ಬರ್ ಹರಿದಿಲ್ಲ. ಸ್ಪೀಕರಿಗೆ ಏನೂ ಆಗಿರಲಿಲ್ಲ!

ಒಂದು ಸಂದು ಅಷ್ಟು ದೊಡ್ಡ ವಿಷಯವೇ? ಹೌದು. ಸ್ಪೀಕರಿನ ಕೋನ್ ಮುಂದೆ ಬಂದಾಗ ಮುಂದಿನ ಗಾಳಿ ಒತ್ತುತ್ತದೆ, ಅದೇ ಕ್ಷಣಕ್ಕೆ ಹಿಂದಿನ ಗಾಳಿ ಸಡಿಲವಾಗುತ್ತದೆ. ಎರಡೂ ಒಂದಕ್ಕೊಂದು ವಿರುದ್ಧ. ಅಡ್ಡ ಏನೂ ಇಲ್ಲದಿದ್ದರೆ ಒತ್ತಿದ ಗಾಳಿ ಅಂಚು ಬಳಸಿ ಹಿಂದಕ್ಕೆ ಓಡಿ ಲೆಕ್ಕ ಚುಕ್ತಾ ಮಾಡಿಬಿಡುತ್ತದೆ. ಮೊರವನ್ನು ನಿಧಾನವಾಗಿ ಮುಂದೆ ಹಿಂದೆ ಆಡಿಸಿ ನೋಡಿ, ಗಾಳಿ ಅಂಚಿನಿಂದ ನುಸುಳಿಕೊಳ್ಳುತ್ತದೆಯೇ ಹೊರತು ಎದುರಿದ್ದವರಿಗೆ ಬಡಿಯುವುದಿಲ್ಲ. ಸದ್ದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. 3,000 ಹರ್ಟ್ಸ್‌ನ ಕೀಚಲು ಸದ್ದಿನ ಒಂದು ಅಲೆ ಹನ್ನೊಂದು ಸೆಂಟಿಮೀಟರ್ ಇದ್ದರೆ, 100 ಹರ್ಟ್ಸ್‌ನ ಒಂದು ಅಲೆ ಮೂರೂವರೆ ಮೀಟರ್ ಹತ್ತಿರ ಬರುತ್ತದೆ. ಅಷ್ಟು ಉದ್ದದ ಅಲೆಗೆ ಬಾಗಿಲ ಸಂದು ದಾಟಿ ಹಿಂದೆ ಸುತ್ತುವ ದಾರಿ ಏನೇನೂ ಅಲ್ಲ. ಹಾಗಾಗಿ ಕೀಚಲು ಸದ್ದು ಉಳಿಯುತ್ತದೆ, ದಪ್ಪ ಸದ್ದು ಸಾಯುತ್ತದೆ. ಅಜ್ಜನ ಮದ್ದಲೆ ಹೋದದ್ದು ಹೀಗೆ. ಇದನ್ನು ಸಿಗ್ನಲ್ಸ್ ಕ್ಲಾಸಿನಲ್ಲಿ ಎರಡು ವಿರುದ್ಧ ಅಲೆಗಳ ಮೊತ್ತ ಸೊನ್ನೆ ಎಂದು ಬೋರ್ಡಿನ ಮೇಲೆ ಬರೆದುಕೊಂಡಿದ್ದೆವು. ಬೂಷ್ಟು ಹಿಡಿದ ಹಲಗೆಯಲ್ಲಿ ಅದನ್ನು ಕಂಡಾಗಲೇ ನನಗೆ ಅದು ನಿಜಕ್ಕೂ ಅರ್ಥವಾದದ್ದು.

ಹೊಸ ರಿಂಗಿಗೆ ಏನು ಬಳಸುವುದು ಎಂಬುದೇ ದೊಡ್ಡ ಚರ್ಚೆಯಾಯಿತು. ಅಂಗಡಿಯಲ್ಲಿ ಕೇಳಿದರೆ ಮತ್ತೆ ಎಂಡಿಎಫ್ಫೇ. ಕಾಲೇಜಿನ ತ್ರೀಡಿ ಪ್ರಿಂಟರಿನಲ್ಲಿ ಮಾಡಿಸೋಣವೆಂದರೆ ಅದರಲ್ಲಿ ಹಾಕುವುದು ಪಿಎಲ್‌ಎ. ಅದು 60 ಡಿಗ್ರಿ ಸೆಲ್ಸಿಯಸ್ ಹತ್ತಿರ ಮೆತ್ತಗಾಗುತ್ತದೆ. ಏಪ್ರಿಲ್ ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮುಟ್ಟಿದವರು ಆ ಅಪಾಯವನ್ನು ಊಹಿಸಬಲ್ಲರು. ನಮ್ಮೂರಿನ ಆಚಾರ್ರು ಮರೈನ್ ಪ್ಲೈವುಡ್ ಹೇಳಿದರು. ಅದು ಒಳ್ಳೆಯ ಸಲಹೆ. ಐಎಸ್ 710 ಮುದ್ರೆಯ ನಿಜವಾದ ಮರೈನ್ ಪ್ಲೈ 72 ಗಂಟೆ ನೀರಲ್ಲಿ ಕುದಿಸಿದರೂ ಪದರ ಬಿಡಬಾರದು, ಪರೀಕ್ಷೆಯೇ ಹಾಗಿದೆ. ಆದರೆ ‘ದುಂಡಗೆ ಕೊಯ್ದ್ರೆ ಸುತ್ತಾ ಅಂಚೇ ಅಲ್ದಾ ತಂಗೀ? ಅಂಚಿಗೆ ಮೂರ್ ಕೋಟ್ ಬಣ್ಣ ಹೊಡೀದೆ ಬಿಡೂ ಹಂಗಿಲ್ಲ’ ಎಂದು ಅವರೇ ಒಂದು ಷರತ್ತು ಹಾಕಿದರು.

ಕೊನೆಗೆ ಉತ್ತರ ಸಿಕ್ಕಿದ್ದು ಅಡುಗೆಮನೆಯಲ್ಲಿ. ಅಮ್ಮ ತರಕಾರಿ ಹೆಚ್ಚುವ ಬಿಳಿ ಪ್ಲಾಸ್ಟಿಕ್ ಮಣೆ! ಅಂಥ ದಪ್ಪ ಮಣೆಗಳನ್ನು ಹೆಚ್ಚಾಗಿ ಎಚ್‌ಡಿಪಿಇಯಿಂದ ಮಾಡುತ್ತಾರೆ. ದಿನಾ ತೊಳೆದರೂ ನೀರು ಕುಡಿಯುವುದಿಲ್ಲ, ಬೂಷ್ಟು ಒಳಗಿಳಿಯುವುದಿಲ್ಲ, ಕಾರಿನ ಬಿಸಿಗೆ ಕರಗುವುದಿಲ್ಲ. ಅಮ್ಮನ ಮಣೆ ಮುಟ್ಟುವ ಧೈರ್ಯ ಮನೆಯಲ್ಲಿ ಯಾರಿಗೂ ಇಲ್ಲದ್ದರಿಂದ ಪೇಟೆಯಿಂದ ಹತ್ತು ಮಿಲಿಮೀಟರ್ ದಪ್ಪದ ಎರಡು ಹೊಸ ಮಣೆ ತಂದೆ. ಅದಕ್ಕೊಂದು ದೌರ್ಬಲ್ಯವೂ ಇದೆ: ಯಾವ ಅಂಟೂ, ಸಿಲಿಕೋನೂ ಅದಕ್ಕೆ ಸರಿಯಾಗಿ ಹಿಡಿಯುವುದಿಲ್ಲ. ಬೋಲ್ಟಿನಿಂದ ಬಿಗಿದು, ನಡುವೆ ಫೋಮ್ ಕೊಟ್ಟೇ ಸಂದು ಮುಚ್ಚಬೇಕು.

ದಪ್ಪದ ಲೆಕ್ಕ ತಪ್ಪಬಾರದ ಲೆಕ್ಕ. ಗಾಜು ಪೂರ್ತಿ ಇಳಿಸಿ ಅಳೆದೆ. ತಗಡಿನಿಂದ ಗಾಜಿಗೆ 47 ಮಿಲಿಮೀಟರ್, ಸ್ಪೀಕರಿನ ಆಳ 58. ಒಂದೇ ಮಣೆಯ ರಿಂಗಾದರೆ ಸ್ಪೀಕರ್ 48 ಮಿಲಿಮೀಟರ್ ಒಳಗೆ ಹೋಗುತ್ತದೆ, ಅಂದರೆ ಗಾಜಿಗೆ ಬಡಿಯುತ್ತದೆ. ಎರಡು ಮಣೆ ಸೇರಿಸಿದರೆ 38, ಒಂಬತ್ತು ಮಿಲಿಮೀಟರ್ ಜಾಗ ಉಳಿಯುತ್ತದೆ. ಹಳೆಯ ರಿಂಗ್ 18 ಮಿಲಿಮೀಟರಿನದು, ಹೊಸದು 20. ಈ ಎರಡು ಮಿಲಿಮೀಟರಿನಿಂದ ಸ್ಪೀಕರಿನ ಮುಂಭಾಗ ಟ್ರಿಮ್ಮಿನ ಜಾಲರಿಗೆ ತಾಗಿಬಿಟ್ಟರೆ? ಅದಕ್ಕೆ ಚಪಾತಿ ಹಿಟ್ಟಿನ ನಾಲ್ಕು ಪುಟ್ಟ ಉಂಡೆ ಮಾಡಿ, ಪ್ಲಾಸ್ಟಿಕ್ ಸುತ್ತಿ, ಸ್ಪೀಕರಿನ ಚೌಕಟ್ಟಿನ ಮೇಲಿಟ್ಟು ಟ್ರಿಮ್ ಒತ್ತಿ ತೆಗೆದೆ. ಚಪ್ಪಟೆಯಾದ ಉಂಡೆಯ ದಪ್ಪವೇ ಉಳಿದ ಜಾಗ. ಆರು ಮಿಲಿಮೀಟರ್ ಇತ್ತು, ಸಾಕು. ಹಳೆಯ ರಿಂಗನ್ನೇ ಇಟ್ಟು ಗೆರೆ ಎಳೆಯುವ ಹಾಗಿರಲಿಲ್ಲ, ಉಬ್ಬಿದ ಹಲಗೆಯ ಅಳತೆಯೂ ಉಬ್ಬಿರುತ್ತದೆ. ತಗಡಿನ ತೂತಿಗೇ ರಟ್ಟು ಹಿಡಿದು ಪೆನ್ಸಿಲಿನಲ್ಲಿ ಉಜ್ಜಿ ಅಚ್ಚು ತೆಗೆದೆ.

ಕೊಯ್ದವರು ಆಚಾರ್ರು. ಜಿಗ್‌ಸಾ ಜೋರಾಗಿ ಓಡಿಸಿದರೆ ಎಚ್‌ಡಿಪಿಇ ಬಿಸಿಯಾಗಿ ಕರಗಿ ಬ್ಲೇಡಿನ ಹಿಂದೆಯೇ ಮತ್ತೆ ಕೂಡಿಕೊಳ್ಳುತ್ತದೆ. ಅವರು ಎರಡನೇ ಇಂಚಿಗೇ ಅದನ್ನು ಗುರುತಿಸಿ ವೇಗ ಇಳಿಸಿ, ದೊಡ್ಡ ಹಲ್ಲಿನ ಬ್ಲೇಡ್ ಹಾಕಿದರು. ಐವತ್ತೈದು ವರ್ಷದಲ್ಲಿ ಮರ ಬಿಟ್ಟು ಬೇರೆ ಕೊಯ್ದವರಲ್ಲ, ಆದರೂ ವಸ್ತುವಿನ ಸ್ವಭಾವ ಕೈಗೇ ಗೊತ್ತಾಗುತ್ತದೆ. ನಡುವಿನಿಂದ ಬಿದ್ದ ನಾಲ್ಕು ದುಂಡು ಬಿಲ್ಲೆಗಳು ಈಗ ನಮ್ಮ ಮನೆಯಲ್ಲಿ ಚಹಾ ಲೋಟ ಇಡುವ ತಟ್ಟೆಗಳು.

ಕೂರಿಸುವ ಮೊದಲು ಬಾಗಿಲ ತಳದ ತೂತುಗಳನ್ನು ಹಿಡಿಕಡ್ಡಿಯಿಂದ ಬಿಡಿಸಿದೆ. ಕೆಸರು, ಕೊಳೆತ ಎಲೆ ಸೇರಿ ಎರಡು ತೂತು ಪೂರ್ತಿ ಕಟ್ಟಿದ್ದವು. ನೀರು ನಿಲ್ಲುತ್ತಿದ್ದುದೇ ಅದಕ್ಕೆ. ಹಳೆಯ ಸ್ಕ್ರೂ ತೂತಿನ ಸುತ್ತಲಿನ ತುಕ್ಕನ್ನು ಉಜ್ಜಿ ರೆಡ್ ಆಕ್ಸೈಡ್ ಬಳಿದೆ. ರಿಂಗಿಗೆ ಸ್ಟೇನ್‌ಲೆಸ್ ಬೋಲ್ಟು, ಹಿಂದೆ ವಾಷರು ಮತ್ತು ನೈಲಾನ್ ಬಳೆಯ ನಟ್ಟು. ಇದು ಬಾಗಿಲು ಎಷ್ಟು ಸಲ ಧಡಾರನೆ ಹಾಕಿದರೂ ಸಡಿಲವಾಗುವುದಿಲ್ಲ. ತಗಡಿಗೂ ರಿಂಗಿಗೂ, ರಿಂಗಿಗೂ ಸ್ಪೀಕರಿಗೂ ನಡುವೆ ಏಸಿ ಮೆಕ್ಯಾನಿಕ್‌ಗಳು ತಾಮ್ರದ ಪೈಪಿಗೆ ಸುತ್ತುವ ಕಪ್ಪು ಫೋಮಿನ ಪಟ್ಟಿ. ಸ್ಪಂಜ್ ಬೇಡ, ಅದು ನೀರು ಹೀರುತ್ತದೆ. ಪ್ಲಾಸ್ಟಿಕ್ ಹಾಳೆಯನ್ನು ಹರಿಯದೆ ತೆಗೆದಿಟ್ಟು ಮತ್ತೆ ಅಂಟಿಸಿದೆ, ಅನೇಕರು ಅದನ್ನು ಕಸವೆಂದು ಬಿಸಾಡುತ್ತಾರೆ.

ಮೇಲಿಂದ ತೊಟ್ಟಿಕ್ಕುವ ನೀರು ಮ್ಯಾಗ್ನೆಟ್ಟಿನ ಮೇಲೆ ಬೀಳದಂತೆ ಏನು ಮಾಡಲಿ ಎಂದು ಯೋಚಿಸುತ್ತಿದ್ದಾಗ ಅಜ್ಜ, ‘ಅಡಿಕೆ ಕೊನೆಗೆ ಕೊಟ್ಟೆ ಕಟ್ಟತ್ವಲೇ, ಇದ್ಕೂ ಒಂದು ಕಟ್ಟು’ ಎಂದರು. ಕೊಳೆರೋಗ ಬಾರದಿರಲೆಂದು ಮಳೆಗೆ ಮುಂಚೆ ಅಡಿಕೆ ಗೊನೆಗೆ ಟೊಪ್ಪಿ ಕಟ್ಟುವುದು ನಮ್ಮ ಕಡೆಯ ಹಳೆಯ ವಿದ್ಯೆ. ಮೇಲೆ ಮಾತ್ರ ಮರೆ, ಕೆಳಗೆ ಗಾಳಿಯಾಡಲು ತೆರೆದಿರುತ್ತದೆ. ಎಣ್ಣೆ ಕ್ಯಾನಿನ ಅರ್ಧ ಭಾಗ ಕತ್ತರಿಸಿ ರಿಂಗಿನ ಮೇಲಂಚಿಗೆ ಸೂರಿನಂತೆ ಬಿಗಿದೆ. ಗಾಜಿಗೆ ತಾಗದಂತೆ ಅಂಚು ಸವರಿದ್ದಾಯಿತು.

ಸ್ಪೀಕರಿಗೆ ತಂತಿ ಸಿಕ್ಕಿಸಿದ ಮೇಲೆ ಒಂದೂವರೆ ವೋಲ್ಟಿನ ಪೆನ್‌ಸೆಲ್‌ನಿಂದ ಒಂದು ಪರೀಕ್ಷೆ. ಸ್ಟೀರಿಯೋದ ಕಡೆಯಿಂದ ಬರುವ ತಂತಿಗಳನ್ನು ಅಲ್ಲಿ ಬಿಡಿಸಿ, ಅವಕ್ಕೆ ಸೆಲ್ ಕ್ಷಣಮಾತ್ರ ಮುಟ್ಟಿಸಿದರೆ ಕೋನ್ ಮುಂದೆ ಜಿಗಿಯಬೇಕು. ಬಲಬಾಗಿಲಿನದು ಮುಂದೆ ಬಂತು, ಎಡಬಾಗಿಲಿನದು ಒಳಗೆ ಹೋಯಿತು. ಅಂದರೆ ಹದಿನೆಂಟು ವರ್ಷದ ಹಿಂದೆ ಯಾರೋ ತಂತಿ ಅದಲುಬದಲು ಮಾಡಿದ್ದರು. ಒಂದು ತಳ್ಳುವಾಗ ಇನ್ನೊಂದು ಎಳೆಯುತ್ತಿತ್ತು. ರಿಂಗ್ ಗಟ್ಟಿಯಿದ್ದ ಕಾಲದಲ್ಲೂ ಈ ಕಾರಿನಲ್ಲಿ ಮದ್ದಲೆ ಪೂರ್ತಿ ಕೇಳಿರಲೇ ಇಲ್ಲ!

ಎಲ್ಲ ಸೇರಿ ಎರಡು ಬಾಗಿಲಿಗೆ ಖರ್ಚಾದದ್ದು ಸಾವಿರ ರೂಪಾಯಿಯ ಒಳಗೆ, ಆಚಾರ್ರು ಕೂಲಿ ಬೇಡವೆಂದು ಎರಡು ತೆಂಗಿನಕಾಯಿ ಒಯ್ದದ್ದು ಬಿಟ್ಟು. ಮರುದಿನ ಸಂಜೆ ಸೊಸೈಟಿಗೆ ಹೊರಟಾಗ ಅಜ್ಜ ಪೆನ್‌ಡ್ರೈವ್ ಹಾಕಿದರು. ಮದ್ದಲೆ ಬಂತು, ಬಾಗಿಲು ನಡುಗಲಿಲ್ಲ. ಊರು ದಾಟುವವರೆಗೆ ಮಾತಿಲ್ಲ. ಆಮೇಲೆ ಅಪ್ಪನ ಕಡೆ ತಿರುಗಿ, ‘ಈಗ ಎಂತ ಹೇಳ್ದ ಅವ?’ ಎಂದು ಕೇಳಿದರು. ಇನ್ನೂ ಒಂದೆರಡು ಸಲ ಹಾಗೇ ಆಯಿತು. ದನಿ ತುಂಬ ಕೇಳುತ್ತಿತ್ತು, ಆದರೆ ವೇಗದ ಅರ್ಥದಲ್ಲಿ ಕೆಲವು ಶಬ್ದಗಳು ಜಾರುತ್ತಿದ್ದವು.

ಅಂದರೆ ಸಮಸ್ಯೆ ಎರಡಿತ್ತು. ದಪ್ಪ ಸದ್ದಿನದು ಕಾರಿನದು, ಸಣ್ಣ ಸದ್ದಿನದು ಕಿವಿಯದು. ಮೊದಲನೆಯದು ಹೋದ ಮೇಲೆ ಎರಡನೆಯದು ಬೇರೆಯಾಗಿ ಕಂಡಿತು. ಅಜ್ಜನಿಗೆ ಇದನ್ನು ವಿವರಿಸಲು ಅಲೆಯುದ್ದ ಬೇಕಾಗಲಿಲ್ಲ. ಸ್ಪೀಕರ್ ಸತ್ತಿದೆ ಎಂದುಕೊಂಡದ್ದು ಸತ್ತಿರಲಿಲ್ಲ ಎಂಬುದನ್ನು ಅವರು ಕ್ಲಿಪ್ ಹುಡುಕುತ್ತಾ ಪಕ್ಕದಲ್ಲೇ ಕೂತು ನೋಡಿದ್ದರು. ಡಿಸೆಂಬರಿನಲ್ಲಿ ತಾವಾಗಿಯೇ ಶಿವಮೊಗ್ಗಕ್ಕೆ ಹೊರಟರು.

ಅಲ್ಲಿ ಕೊಟ್ಟ ಕಾಗದದ ಮೇಲಿನ ಗೆರೆ ನೋಡಿದರೆ ನಾವು ಲ್ಯಾಬಿನಲ್ಲಿ ಬಿಡಿಸುವ ಫ್ರೀಕ್ವೆನ್ಸಿ ರೆಸ್ಪಾನ್ಸೇ. 250, 500 ಹರ್ಟ್ಸ್‌ನಲ್ಲಿ ಗೆರೆ ಮೇಲ್ಗಡೆಯೇ ಇದೆ, 2,000 ದಾಟಿದ ಮೇಲೆ ಘಟ್ಟ ಇಳಿದಂತೆ ಇಳಿಯುತ್ತದೆ. ಶ್ರವಣ ಸಾಧನಕ್ಕಾಗಿ ಕಿವಿಯ ಅಚ್ಚು ತೆಗೆದುಕೊಂಡ ಆಡಿಯಾಲಜಿಸ್ಟ್, ಅಚ್ಚು ಸರಿಯಾಗಿ ಕೂರದೆ ಸಂದು ಬಿಟ್ಟರೆ ಸದ್ದು ಹೊರಗೆ ಸೋರಿ ಮೈಕಿಗೆ ಮರಳಿ ಕುಂಯ್ ಎಂದು ಸೀಟಿ ಹೊಡೆಯುತ್ತದೆ, ಸಡಿಲವಾದರೆ ಕೂಡಲೇ ಬನ್ನಿ ಎಂದು ಅಜ್ಜನಿಗೆ ಎರಡು ಸಲ ಹೇಳಿದರು. ಅಜ್ಜ ನನ್ನತ್ತ ನೋಡಿದರು: ‘ರಿಂಗು!’

ಹಿಂದಿನ ಎರಡು ಬಾಗಿಲಿನ ಎಂಡಿಎಫ್ ಇನ್ನೂ ಹಾಗೇ ಇದೆ. ಮಳೆ ಹಿಡಿಯುವುದರೊಳಗೆ ಇನ್ನೆರಡು ಮಣೆ ತರಬೇಕು.